ಮಸಿ ಹಿಡಿದ ಗಾಜು

ಬಾಲ್ಯದಲ್ಲಿ ನಮ್ಮ ಮನೆಗೆ ವಿದ್ಯುತ್ ಇರಲಿಲ್ಲ. ಮಗ್ರಿಬ್‌ಗೆ ಮುನ್ನ ಲಾಟೀನಿನ ಗಾಜು ಒರೆಸುವುದು ನನ್ನ ಕೆಲಸ. ಒಂದು ಸಂಜೆ ಆಟದ ಅವಸರದಲ್ಲಿ ಒರೆಸದೆ ಇಟ್ಟೆ. ಓದಲು ಕುಳಿತಾಗ ಅಕ್ಷರಗಳು ಕಾಣಲಿಲ್ಲ. ಬತ್ತಿಯನ್ನು ಏರಿಸಿದೆ, ಮಸಿ ಇನ್ನಷ್ಟು ಹೆಚ್ಚಿತು. "ದೀಪದ ತಪ್ಪಲ್ಲ ಮಗನೇ, ಮಸಿ ಬೆಳಕನ್ನು ಹೊರಗೆ ಬಿಡುತ್ತಿಲ್ಲ" ಎಂದರು ಉಮ್ಮ.

ಶುಭ್ರವಾದ ಗಾಜು ಬೆಳಕಿನ ಬಹುಪಾಲನ್ನು ದಾಟಿಸಿ, ನೂರರಲ್ಲಿ ಸುಮಾರು 8 ಪಾಲನ್ನು ಮಾತ್ರ ಪ್ರತಿಫಲಿಸುತ್ತದೆ. ಮಸಿಯು ಬೆಳಕನ್ನು ಹೀರಿ ಶಾಖವಾಗಿಸುತ್ತದೆ. ಸುಣ್ಣದ ಗೋಡೆ ಅದನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ. ವಸ್ತುಗಳಿಂದ ಕಣ್ಣಿಗೆ ಬಂದು ಸೇರುವ ಬೆಳಕೇ ನೋಟಕ್ಕೆ ಕಾರಣವೆಂದು 11ನೇ ಶತಮಾನದಲ್ಲಿಯೇ ಇಬ್ನುಲ್ ಹೈಸಮ್ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ವಿವರಿಸಿದ್ದರು.

ಕೆಲವು ವರ್ಷಗಳ ಹಿಂದೆ ಉಮ್ಮ, "ಕೋಣೆಯಲ್ಲಿ ಬೆಳಕು ಸಾಲದು" ಎಂದರು. ನಾನು ದೊಡ್ಡ ಬಲ್ಬು ಹಾಕಿಸಿ ಸುಮ್ಮನಾದೆ. ಅವರ ಕಣ್ಣು ಕೋರೈಸುವುದಷ್ಟೇ ಹೆಚ್ಚಿತು. ತಿಂಗಳುಗಳ ಬಳಿಕ ವೈದ್ಯರು ಪೊರೆಯೆಂದರು: ಕಣ್ಣಿನ ಪಾರದರ್ಶಕ ಮಸೂರವು ಮಬ್ಬಾಗಿ ಬೆಳಕನ್ನು ಚದುರಿಸುತ್ತಿತ್ತು.

ಶಸ್ತ್ರಚಿಕಿತ್ಸೆಯ ಮರುದಿನ ಪಟ್ಟಿ ಬಿಚ್ಚಿದಾಗ ಉಮ್ಮ, "ಅಲ್‌ಹಮ್ದುಲಿಲ್ಲಾಹ್" ಎಂದು ನನ್ನನ್ನೇ ದಿಟ್ಟಿಸಿ, "ನಿನ್ನ ಗಡ್ಡ ಯಾವಾಗ ನರೆಯಿತು?" ಎಂದು ಕೇಳಿದರು.

ನಾನು ತಲೆತಗ್ಗಿಸಿದೆ. ಗಾಜನ್ನು ನೋಡದೆ, ಮತ್ತೊಮ್ಮೆ ಬತ್ತಿಯನ್ನೇ ಏರಿಸಿದ್ದೆ.