ಹೆಚ್ಚೂ ಬೇಡ, ಕಡಿಮೆಯೂ ಬೇಡ

ಬೆಳಗಾವಿ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ಮತ್ತೊಬ್ಬರ ಕಿರಾಣಿ ಅಂಗಡಿಯ ಗುಮಾಸ್ತರಾಗಿರುವ ಆ ತಂದೆಗೆ ಸರ್ಕಾರದ ಮಾಸಾಶನದ ಮಾತೆತ್ತಿದರೆ ಮುಖ ಸಣ್ಣದಾಗುತ್ತಿತ್ತು. ಅಜ್ಜನ ಕಾಲದಲ್ಲಿ ಬಸದಿಯ ದಾನಿಗಳ ಪಟ್ಟಿಯಲ್ಲಿದ್ದ ಮನೆತನ ಅದು. ಅಂಥವರು ಕಚೇರಿಯ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವುದೆಂತು ಎಂಬುದು ಅವರ ಅಳಲು. ಮಗಳಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ಬಲಗಾಲು ಎಳೆಯುತ್ತದೆ, ಬಲಗೈಯ ಬೆರಳುಗಳು ಬಿಗಿದುಕೊಂಡಿವೆ. ಅವಳ ಔಷಧಕ್ಕೆಂದು ಬಸದಿಯ ಟ್ರಸ್ಟಿನವರು ಆಗಾಗ ಕೊಡುತ್ತಿದ್ದ ಹಣವನ್ನು ತಂದೆ ಸದ್ದಿಲ್ಲದೆ ಪಡೆಯುತ್ತಿದ್ದರು. ಒಂದು ದಿನ ಮಗಳು ಕೇಳಿಯೇಬಿಟ್ಟಳು: "ಅಪ್ಪಾ, ದಾನ ತಗೊಳ್ಳಾಕ ಬಾರದ ನಾಚಿಕಿ ಹಕ್ಕು ಕೇಳಾಕ ಯಾಕ ಬರಬೇಕು?"

ಅವಳ ಮಾತಿಗೆ ಕಾನೂನಿನ ಆಧಾರವಿತ್ತು. 1995ರ ಅಧಿನಿಯಮ 7 ಬಗೆಯ ಅಂಗವೈಕಲ್ಯಗಳನ್ನಷ್ಟೇ ಗುರುತಿಸಿತ್ತು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ 2016ರ ಅಧಿನಿಯಮ 21 ಬಗೆಗಳನ್ನು ಹೆಸರಿಸಿದೆ. ಬಹುತೇಕ ಸೌಲಭ್ಯಗಳಿಗೆ ಶೇ. 40 ವೈಕಲ್ಯವೇ ಹೊಸ್ತಿಲು. 2009ರಲ್ಲಿ ಆರಂಭವಾದ ಕೇಂದ್ರದ ಮಾಸಾಶನಕ್ಕೆ ಶೇ. 80 ಬೇಕು. ರಾಜ್ಯದ ಮಾಸಾಶನ ಶೇ. 40ರಿಂದಲೇ ದೊರೆಯುತ್ತದೆ. ಅದಕ್ಕೆ ಆದಾಯದ ಮಿತಿಯೂ ಉಂಟು. ಆ ಮನೆಗೆ ಅದೊಂದು ತೊಡಕಾಗಲಿಲ್ಲ.

ತೊಡಕಾದದ್ದು ಪ್ರಮಾಣಪತ್ರ. ತಪಾಸಣೆ ಮಾಡಿದವರು ಕಾಲನ್ನಷ್ಟೇ ನೋಡಿ ಶೇ. 35 ಎಂದು ಬರೆದಿದ್ದರು; ಕೈಯ ಪ್ರಸ್ತಾಪವೇ ಇರಲಿಲ್ಲ. ಹೊರಗೆ ನಿಂತಿದ್ದ ಮಧ್ಯವರ್ತಿಯೊಬ್ಬ, ಕೆಲವು ಸಾವಿರ ಕೊಟ್ಟರೆ ಶೇ. 75 ಮಾಡಿಸಿಕೊಡುವೆನೆಂದ. ಕೈಯೊಡ್ಡಲು ನಾಚುತ್ತಿದ್ದ ತಂದೆ ಇಲ್ಲಿ ಮಾತ್ರ ಅರೆಮನಸ್ಸಿನವರಾದುದು ವಿಚಿತ್ರವೇ. ಸುಳ್ಳಿನಿಂದ ಇಂಥ ಸೌಲಭ್ಯ ಪಡೆದವರಿಗೆ ಎರಡು ವರ್ಷದವರೆಗೆ ಸೆರೆಮನೆ, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದೆಂದು ಅದೇ ಅಧಿನಿಯಮದ 91ನೆಯ ಕಲಮು ಹೇಳುತ್ತದೆ. ಮಗಳಿಗೆ ಆ ಕಲಮು ತಿಳಿದಿರಲಿಲ್ಲ. "ನನಗ ಎಷ್ಟೈತೋ ಅಷ್ಟ ಬರೀಲಿ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ," ಎಂದಳು.

ಪ್ರಮಾಣಪತ್ರದ ತೀರ್ಮಾನದ ವಿರುದ್ಧ ಮೇಲ್ಮನವಿ ಸಲ್ಲಿಸಲು 59ನೆಯ ಕಲಮಿನಲ್ಲಿ ಅವಕಾಶವಿದೆ. ಆದರೆ ವಕೀಲರೆಂದರೆ ಫೀಸು ಎಂಬ ಭಯ ತಂದೆಗೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮಿನಂತೆ ಅಂಗವಿಕಲರಿಗೆ ಉಚಿತ ಕಾನೂನು ನೆರವು ಸಲ್ಲುತ್ತದೆ, ಅದಕ್ಕೆ ಆದಾಯದ ಮಿತಿಯಿಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. 15100 ಎಂಬ ಸಹಾಯವಾಣಿಗೆ ಮಗಳೇ ಕರೆಮಾಡಿ ತಿಳಿದುಕೊಂಡಳು. ಔಷಧಕ್ಕೆ ಹಣ ಕೊಡುವ ಟ್ರಸ್ಟುಗಳು ಈ ಒಂದು ಸಂಖ್ಯೆಯನ್ನು ಬಸದಿಯ ಫಲಕದ ಮೇಲೆ ಬರೆಸಿದ್ದರೆ ಆ ಮನೆಗೆ ಒಂದು ವರ್ಷವಾದರೂ ಉಳಿಯುತ್ತಿತ್ತು.

ನ್ಯಾಯಾಲಯದ ಆವರಣದಲ್ಲಿದ್ದ ತಾಲೂಕು ಕಾನೂನು ಸೇವಾ ಸಮಿತಿಯು ವಕೀಲೆಯೊಬ್ಬರನ್ನು ನೇಮಿಸಿತು. ಅವರು ಮೊದಲು ಕೇಳಿದ್ದು ಬಾಲ್ಯದ ಚಿಕಿತ್ಸೆಯ ಕಾಗದಗಳನ್ನು. ಟ್ರಂಕಿನ ತಳದಲ್ಲಿ, ತಾಯಿಯ ಹಳೆಯ ಸೀರೆಯೊಂದರಲ್ಲಿ ಸುತ್ತಿಟ್ಟಿದ್ದ ಆ ಕಾಗದಗಳಲ್ಲಿ ಬಲಗೈಯ ವಿವರ ಸ್ಪಷ್ಟವಾಗಿತ್ತು. ಮೇಲ್ಮನವಿ ಒಂದೇ ಪುಟದ್ದು: ಕೈಯನ್ನು ಪರೀಕ್ಷಿಸಿಲ್ಲ, ಪರೀಕ್ಷಿಸಬೇಕು. ಶೇಕಡಾ ಎಷ್ಟಾಗಬೇಕೆಂದು ಅದರಲ್ಲಿ ಬರೆದಿರಲಿಲ್ಲ.

ಕೆಲವು ತಿಂಗಳ ತರುವಾಯ ಮರುತಪಾಸಣೆ ನಡೆದು ಶೇ. 48 ಎಂದು ದಾಖಲಾಯಿತು. ನಾಡಕಚೇರಿಯ ಸಾಲಿನಲ್ಲಿ ತಂದೆಯೂ ನಿಂತಿದ್ದರು. ಪರಿಚಿತರೊಬ್ಬರು ಹತ್ತಿರ ಬಂದು, ಏನು ಕೆಲಸವೆಂದು ವಿಚಾರಿಸಿದರು. ತಂದೆ ಒಂದು ಕ್ಷಣ ತಡೆದು, ಮಗಳು ಎಡಗೈಯಿಂದ ಸಹಿಮಾಡಿದ್ದ ಅರ್ಜಿಯನ್ನು ತೋರಿಸಿದರು.