ಮಕ್ಕಳ ನಡಿಗೆಯಲ್ಲಿ ಲಿಯೋನ್ ನಗರ



ಪ್ರವಾಸಕ್ಕೆ ಹೊರಡುವ ಮುನ್ನ ಪಟ್ಟಿ ಬರೆಯುವುದು ನನ್ನ ಹಳೆಯ ಚಟ. ಮೂವತ್ತು ವರ್ಷ ಶಾಲೆಯ ವೇಳಾಪತ್ರಿಕೆ ರಚಿಸಿದ ಕೈ ಇದು. ನಿವೃತ್ತಿಯಾದ ಮೇಲೂ ಸುಮ್ಮನಿರಲೊಲ್ಲದು. ಎಳೆಯ ಮೊಮ್ಮಕ್ಕಳನ್ನು ಕರೆದುಕೊಂಡು ಫ್ರಾನ್ಸಿನ ಯಾವುದಾದರೊಂದು ನಗರದಲ್ಲಿ ಎರಡು ಮೂರು ದಿನ ಕಳೆಯುವ ಪ್ರಸಂಗ ಈಗ ನಮ್ಮಲ್ಲಿಯೂ ಅನೇಕರಿಗೆ ಒದಗುತ್ತಿದೆ. ಅಂಥವರಿಗೆ ಉಪಯೋಗವಾದೀತೆಂಬ ಆಶೆಯಿಂದ ನನ್ನ ಅನುಭವವನ್ನು, ಅದರೊಡನೆ ನನ್ನ ತಪ್ಪನ್ನೂ, ತಮ್ಮ ಮುಂದೆ ನಿವೇದಿಸುತ್ತಿದ್ದೇನೆ.

ನನ್ನ ಹಿರಿಯ ಮಗ ಜಿನೀವಾದಲ್ಲಿ ಉದ್ಯೋಗಿ. 2023ರಲ್ಲಿ ನಾವು ಅಲ್ಲಿಗೆ ಹೋದಾಗ ಎಲ್ಲರೂ ಕೂಡಿ ಪ್ಯಾರಿಸ್ಸಿಗೆ ಹೊರಟೆವು. ಮೊಮ್ಮಗಳಿಗೆ ಆಗ ನಾಲ್ಕು ವರ್ಷ, ಮೊಮ್ಮಗನಿಗೆ ಒಂದು. ಮೂರು ದಿನಗಳಿಗೆ ನಾನು ಬರೆದುಕೊಂಡಿದ್ದ ಸ್ಥಳಗಳು ಹದಿನಾಲ್ಕು. ಪ್ಯಾರಿಸ್ಸಿನ ಹಳೆಯ ಮೆಟ್ರೋ ನಿಲ್ದಾಣಗಳಲ್ಲಿ ಬಹುತೇಕ ಕಡೆ ಲಿಫ್ಟ್ ಇಲ್ಲವೆಂಬುದನ್ನು ನನ್ನ ಪಟ್ಟಿ ಅರಿಯದು. ಎರಡನೆಯ ದಿನ ಮಧ್ಯಾಹ್ನ ಮಗನೂ ಸೊಸೆಯೂ ಕೂಸಿನ ತಳ್ಳುಗಾಡಿಯನ್ನು ಎತ್ತಿಕೊಂಡು ಮೆಟ್ಟಿಲೇರುತ್ತಿದ್ದಾಗ ಮೊಮ್ಮಗಳು ನಡುವೆಯೇ ಕುಳಿತುಬಿಟ್ಟಳು. “ಇನ್ನೊಂದೇ ಒಂದು, ಅಷ್ಟೇ” ಎಂದೆ. ಏಳಲಿಲ್ಲ. ಶಾಲೆಯ ದನಿಯಲ್ಲಿ ಗದರಿದೆ. ಹುಡುಗಿ ಅಳಲಿಲ್ಲ, ತಾಯಿಯ ಸೆರಗಿಗೆ ಸೇರಿದಂತೆ ಅವಳ ಮಗ್ಗುಲು ಹಿಡಿದವಳು ಮರುದಿನ ರೈಲು ಹತ್ತುವ ತನಕ ನನ್ನ ಕಡೆ ತಿರುಗಿ ನೋಡಲಿಲ್ಲ.

ಅಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಮಗ ಮೆಲ್ಲನೆ ಹೇಳಿದ: “ಅಪ್ಪಾ, 1988ರಲ್ಲಿ ನಮ್ಮಿಬ್ಬರನ್ನೂ ಹಂಪಿಗೆ ಕರೆದುಕೊಂಡು ಹೋಗಿದ್ದಿರಿ. ನಾನು ಎರಡನೆಯ ಇಯತ್ತೆ. ನನಗೆ ಯಾವ ಗುಡಿಯೂ ನೆನಪಿಲ್ಲ. ನೀರಡಿಕೆ ನೆನಪಿದೆ. ನೀವು ‘ಇನ್ನೊಂದೇ ಒಂದು’ ಅನ್ನುತ್ತಿದ್ದುದು ನೆನಪಿದೆ.” ಆ ಮಾತಿನಲ್ಲಿ ದೂರು ಇರಲಿಲ್ಲ. ಆದುದರಿಂದಲೇ ಅದು ಹೆಚ್ಚು ನಾಟಿತು. ಹಂಪಿಯ ಆ ಪ್ರವಾಸವನ್ನು ನಾನು ಅಷ್ಟು ವರ್ಷವೂ ನನ್ನ ಒಳ್ಳೆಯ ಕೆಲಸಗಳ ಲೆಕ್ಕದಲ್ಲಿಯೇ ಬರೆದುಕೊಂಡಿದ್ದೆ.

ಕಳೆದ 2025ರ ಮೇ ತಿಂಗಳಲ್ಲಿ ಮತ್ತೆ ಜಿನೀವಾಕ್ಕೆ ಹೋದೆವು. ಈ ಸಲ ಲಿಯೋನ್ ನಗರಕ್ಕೆ ಹೋಗಿ ಎರಡು ರಾತ್ರಿ ಇದ್ದು ಬರೋಣವೆಂದು ಮಗನೇ ಸೂಚಿಸಿದ. ಜಿನೀವಾದಿಂದ ರೈಲಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಮಗು ಒಂದು ನಿದ್ದೆ ಮಾಡಿ ಏಳುವಷ್ಟರಲ್ಲಿ ಊರು. ಸ್ವಿಟ್ಜರ್ಲೆಂಡಿನ ಶೆಂಗೆನ್ ವೀಸಾ ಇದ್ದವರಿಗೆ ಫ್ರಾನ್ಸಿಗೆ ಬೇರೆ ವೀಸಾ ಬೇಡ. ಪಾಸ್‌ಪೋರ್ಟ್ ಮಾತ್ರ ಕೈಯಲ್ಲಿರಬೇಕು. ನಾನು ಕಾಗದ, ಪೆನ್ನು ತೆಗೆದುಕೊಂಡು ಕುಳಿತೆ. ಮಗ ನಕ್ಕು ಒಂದೇ ನಿಯಮ ಹೇಳಿದ: ದಿನಕ್ಕೆ ಒಂದು ಹೊತ್ತು ಒಂದೇ ಸಂಗತಿ, ಇನ್ನೊಂದು ಹೊತ್ತು ಖಾಲಿ. ಆ ಖಾಲಿ ಜಾಗವನ್ನು ತುಂಬದೆ ಬಿಡುವುದು ನನಗೆ ಎಷ್ಟು ಕಠಿಣವಾಯಿತೆಂಬುದನ್ನು ಉಪಾಧ್ಯಾಯ ವೃತ್ತಿಯವರು ಮಾತ್ರ ಊಹಿಸಬಲ್ಲರು.

ಲಿಯೋನ್ ಬಹು ಪ್ರಾಚೀನ ನಗರ. ರೋಮನ್ನರು ಕ್ರಿ.ಪೂ. 43ರಲ್ಲಿ ಇದನ್ನು ಸ್ಥಾಪಿಸಿದರು. ರೋನ್ ಮತ್ತು ಸೋನ್ ಎಂಬೆರಡು ನದಿಗಳು ಇಲ್ಲಿ ಸಂಗಮಿಸುತ್ತವೆ. ಅವುಗಳ ನಡುವಣ ನೀಳವಾದ ಭೂಭಾಗದಲ್ಲಿ ಊರಿನ ಹೃದಯವಿದೆ. ನಾವು ಅಲ್ಲಿಯೇ, ಬೆಲ್‌ಕೂರ್ ಎಂಬ ವಿಶಾಲ ಚೌಕದ ಸಮೀಪ, ಅಡುಗೆಮನೆಯುಳ್ಳ ವಸತಿಯೊಂದನ್ನು ಹಿಡಿದೆವು. ಹಿಡಿಯುವ ಮುನ್ನ ಲಿಫ್ಟ್ ಇದೆಯೇ ಎಂದು ಎರಡು ಸಲ ಕೇಳಿದೆವು, ಏಕೆಂದರೆ ಆ ಊರಿನ ಹಳೆಯ ಮನೆಗಳು ನಾಲ್ಕೈದು ಅಂತಸ್ತು ಏರುತ್ತವೆ, ಮೆಟ್ಟಿಲು ಮಾತ್ರ ಇರುತ್ತವೆ.

ಆಹಾರದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಲಿಯೋನ್ ಫ್ರಾನ್ಸಿನಲ್ಲಿಯೇ ಭೋಜನಕ್ಕೆ ಹೆಸರಾದ ಊರು. ಆದರೆ ಆ ಹೆಸರೆಲ್ಲ ಮಾಂಸದ ಅಡುಗೆಯದು. ಸಸ್ಯಾಹಾರಿಗಳಾದ ನಮಗೆ ಅದರಿಂದ ಪ್ರಯೋಜನವಿಲ್ಲ. ಮೇಲಾಗಿ ಅಲ್ಲಿಯ ಭೋಜನಶಾಲೆಗಳು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ತೆರೆದು ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳರ ಸುಮಾರಿಗೆ. ಮೂರು ವರ್ಷದ ಮಗುವಿನ ಹಸಿವು ಆ ಗಡಿಯಾರವನ್ನು ನೋಡುವುದಿಲ್ಲ. ಆದ್ದರಿಂದ ಅಕ್ಕಿ, ತೊಗರಿಬೇಳೆ, ಶೇಂಗಾ ಚಟ್ನಿಪುಡಿಗಳನ್ನು ಸೊಸೆ ಕಟ್ಟಿಕೊಂಡಿದ್ದಳು. ಮೊಸರು ಅಲ್ಲಿ ಧಾರಾಳ. ಅವರ ಸಾಂಪ್ರದಾಯಿಕ ಉದ್ದನೆಯ ಬ್ರೆಡ್ಡು ಹಿಟ್ಟು, ನೀರು, ಉಪ್ಪು, ಹುಳಿ ಇಷ್ಟರಿಂದಲೇ ಆಗುವುದರಿಂದ ನಿಶ್ಚಿಂತೆಯಿಂದ ತಿನ್ನಬಹುದು. ಕೆಂಪು ಬಾದಾಮಿ ಮಿಠಾಯಿ ತುಂಬಿದ ಬ್ರಿಯೋಶ್ ನೋಡಲು ಚೆಂದ, ಆದರೆ ಅದರಲ್ಲಿ ಮೊಟ್ಟೆಯುಂಟು. ಕೇಳಿ ತಿಳಿದು ಬಿಟ್ಟೆವು. ಸಂಜೆ ನಾಲ್ಕೂವರೆಗೆ ಮಕ್ಕಳಿಗೆ ಏನಾದರೂ ತಿನಿಸು ಕೊಡುವ ಪದ್ಧತಿ ಫ್ರೆಂಚರಲ್ಲಿದೆ, ಅದಕ್ಕೆ ‘ಗೂತೆ’ ಎನ್ನುತ್ತಾರೆ. ಅದನ್ನು ನಾವೂ ಅನುಸರಿಸಿದೆವು. ಉದ್ಯಾನದಲ್ಲಿ ಕುಳಿತು ಬ್ರೆಡ್ಡಿಗೆ ಶೇಂಗಾ ಚಟ್ನಿ ಹಚ್ಚಿ ತಿನ್ನುವ ಮುದುಕನನ್ನು ಲಿಯೋನಿನವರು ಅದೇ ಮೊದಲು ಕಂಡಿರಬೇಕು.

ಮೊದಲ ದಿನದ ಏಕೈಕ ಸಂಗತಿ ರೈಲು. ಅಲ್ಲಿಯ ಮೆಟ್ರೋದ ‘ಡಿ’ ಮಾರ್ಗದಲ್ಲಿ ಚಾಲಕನೇ ಇಲ್ಲ. ಗಾಡಿ ತಾನಾಗಿ ಓಡುತ್ತದೆ, ಮುಂದಿನ ಗಾಜಿನ ಬಳಿ ನಿಂತರೆ ಸುರಂಗವೆಲ್ಲ ಎದುರಿಗೆ ಬರುತ್ತದೆ. ಮೊಮ್ಮಗ ಎರಡೂ ಕೈ ಮುಂದೆ ಚಾಚಿ ತಾನೇ ಗಾಡಿ ಹೊಡೆದ. ಹಳೆಯ ಊರಿನ ನಿಲ್ದಾಣದಲ್ಲಿಳಿದು, ಹಗ್ಗದ ಎಳೆತದಿಂದ ಗುಡ್ಡವೇರುವ ಪುಟ್ಟ ರೈಲಿನಲ್ಲಿ ಫೂರ್ವಿಯೇರ್ ಬೆಟ್ಟಕ್ಕೆ ಹೋದೆವು. ಮೇಲಿನಿಂದ ಎರಡು ನದಿಗಳೂ ಕಾಣುತ್ತವೆ. ಸಮೀಪದಲ್ಲಿಯೇ ರೋಮನ್ನರ ರಂಗಮಂದಿರದ ಅವಶೇಷವಿತ್ತು. ನಾಲಿಗೆಯ ತುದಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡೆ.

ಎರಡನೆಯ ದಿನ ಬುಧವಾರ. ಫ್ರಾನ್ಸಿನಲ್ಲಿ ಬಹಳಷ್ಟು ಎಳೆಯ ಮಕ್ಕಳಿಗೆ ಅಂದು ಶಾಲೆಯಿಲ್ಲ, ಆದುದರಿಂದ ಮಕ್ಕಳ ಆಟಗಳು ಅಂದೇ ಹೆಚ್ಚು. ದಿನ ಗೊತ್ತುಪಡಿಸುವಾಗ ಇದನ್ನು ಲಕ್ಷ್ಯದಲ್ಲಿಡಿರಿ. ನಾವು ನೋಡಿದ್ದು ‘ಗಿನ್ಯೋಲ್’ ಎಂಬ ಗೊಂಬೆಯಾಟ. ರೇಷ್ಮೆ ನೇಕಾರರ ಮನೆತನದಲ್ಲಿ ಹುಟ್ಟಿದ ಲೋರಾಂ ಮುರ್ಗೆ ಎಂಬಾತ ಸಂತೆಗಳಲ್ಲಿ ಹಲ್ಲು ಕೀಳುತ್ತಿದ್ದ. ಗಿರಾಕಿಗಳನ್ನು ಸೆಳೆಯಲು ಗೊಂಬೆ ಆಡಿಸತೊಡಗಿ, 1808ರ ಸುಮಾರಿಗೆ ಈ ಗಿನ್ಯೋಲನನ್ನು ಸೃಷ್ಟಿಸಿದ. ಬಡವರ ಪಕ್ಷದ ಗೊಂಬೆ, ಕೈಯಲ್ಲೊಂದು ಬಡಿಗೆ, ಪೊಲೀಸನಿಗೆ ಪೆಟ್ಟು. ಮಕ್ಕಳೆಲ್ಲ ಕೂಗಿ ಗಿನ್ಯೋಲನನ್ನು ಎಚ್ಚರಿಸುತ್ತಾರೆ. ಮೊಮ್ಮಗಳಿಗೆ ಈಗ ಆರು ವರ್ಷ, ಶಾಲೆಯ ಭಾಷೆ ಫ್ರೆಂಚ್. ಅವಳು ನನ್ನ ಕಿವಿಯಲ್ಲಿ ಕಥೆಯನ್ನು ಕನ್ನಡದಲ್ಲಿ ಹೇಳುತ್ತ, “ಅಜ್ಜಾ, ನೀನೂ ಕೂಗು” ಎಂದಳು. ಕೂಗಿದೆ. ಏನು ಕೂಗಿದೆನೆಂದು ನನಗೆ ಇಂದಿಗೂ ತಿಳಿಯದು.

ಆ ಮಧ್ಯಾಹ್ನದ ಒಂದು ಸಂಗತಿ ಮಾತ್ರ ನನ್ನದು, ಮಗನೇ ನಿಯಮ ಸಡಿಲಿಸಿ ಕೊಟ್ಟದ್ದು. ನನ್ನ ತಂದೆ ನೇಕಾರರು. ಅವರ ಮಗ್ಗದ ಮೇಲೆ ರಂಧ್ರ ಕೊರೆದ ರಟ್ಟುಗಳ ಮಾಲೆಯೊಂದು ಖಟಖಟನೆ ತಿರುಗುತ್ತಿತ್ತು, ‘ಜಕಾರ್ಡ್’ ಎನ್ನುತ್ತಿದ್ದೆವು. ಅದು ಮನುಷ್ಯನೊಬ್ಬನ ಹೆಸರೆಂದು ನಾನು ಅರಿತದ್ದು ಬಹಳ ತಡವಾಗಿ. ಜೋಸೆಫ್ ಮಾರಿ ಜಕಾರ್ಡ್ ಇದೇ ಲಿಯೋನಿನವನು. 1804ರ ಹೊತ್ತಿಗೆ ತನ್ನ ಯಂತ್ರವನ್ನು ಸಿದ್ಧಗೊಳಿಸಿದ. ಕ್ರುವಾ ರೂಸ್ ಗುಡ್ಡದ ಮೇಲೆ ನೇಕಾರರ ಕೇರಿಯಿದೆ. ಮಗ್ಗ ಹಿಡಿಸಲೆಂದು ಸುಮಾರು ನಾಲ್ಕು ಮೀಟರ್ ಎತ್ತರದ ಮಾಳಿಗೆಗಳ ಮನೆಗಳು, 1831ರಲ್ಲಿ ಮತ್ತು 1834ರಲ್ಲಿ ಕೂಲಿಗಾಗಿ ದಂಗೆಯೆದ್ದ ನೇಕಾರರು ವಾಸಿಸಿದ ಮನೆಗಳು. ಅಲ್ಲಿ ಮಗ್ಗ ನಡೆಸಿ ತೋರಿಸುತ್ತಾರೆ. ಆ ಸಪ್ಪಳವನ್ನು ಇನ್ನೊಮ್ಮೆ ಕೇಳಬೇಕೆಂಬುದು ನನ್ನ ಆಶೆ.

ಹೋಗುವ ಮುನ್ನ ತೇತ್ ದೋರ್ ಉದ್ಯಾನದಲ್ಲಿ ಸ್ವಲ್ಪ ಕುಳಿತೆವು. 1857ರ ಉದ್ಯಾನ, 117 ಹೆಕ್ಟೇರ್ ವಿಸ್ತಾರ, ಕೆರೆ, ದೋಣಿ. ಅಲ್ಲಿಯ ಪ್ರಾಣಿಸಂಗ್ರಹಾಲಯಕ್ಕೆ ಪ್ರವೇಶಧನವೂ ಇಲ್ಲ. ಮೊಮ್ಮಗ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ. ಮಗ ಬಂದು, “ಅಪ್ಪಾ, ಹೊತ್ತಾಯಿತು, ನೀವು ಹೋಗಿ ಬನ್ನಿರಿ, ಇವನನ್ನು ನಾನು ಎತ್ತಿಕೊಳ್ಳುತ್ತೇನೆ” ಎಂದ. ಎತ್ತಿದರೆ ಮಗು ಎಚ್ಚರವಾಗುವುದು ಖಂಡಿತ. ಇರಲಿ ಬಿಡು ಎಂದೆ. ಹೇಳುವಾಗ ಸುಲಭವಾಗಿತ್ತೆಂದು ಸುಳ್ಳಾಡಲಾರೆ. ನನ್ನ ವಯಸ್ಸಿನವರು ಮತ್ತೊಮ್ಮೆ ಲಿಯೋನಿಗೆ ಬರುವ ಮಾತು ಆಡುವುದಿಲ್ಲ.

ಪ್ರದರ್ಶನದ ವೇಳೆ ಮೀರಿದ ಮೇಲೆ ಮೊಮ್ಮಗಳು ಓಡುತ್ತ ಬಂದು ನನ್ನ ಪಕ್ಕದಲ್ಲಿ ನಿಂತಳು. ಅವಳಿಗೆ ಇನ್ನೊಮ್ಮೆ ಜಿರಾಫೆಗಳನ್ನು ನೋಡಬೇಕಿತ್ತು; ಅವಳ ತಾಯಿ ದಣಿದು ಕುಳಿತಿದ್ದಳು. “ಅಜ್ಜಾ, ಇವನು ಎದ್ದ ಮೇಲೆ ನೀನು ಬಾ. ಇನ್ನೊಂದೇ ಒಂದು ಸಲ, ಅಷ್ಟೇ” ಎಂದಳು.