ಐದರೊಳಗಿದ್ದರೆ ಸಾಕು

ಸೋದರಮಾವನಿಗೆ ಗುದನಾಳದ ಕ್ಯಾನ್ಸರ್ ಆಪರೇಷನ್ ಆದಮೇಲೆ ಅವರ ಫೈಲು ನೋಡಿಕೊಳ್ಳೋ ಕೆಲಸ ನನಗೆ ಬಂದಿದೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಡೋದು, ಸಿಇಎ ಅನ್ನೋ ಒಂದು ಸಂಖ್ಯೆಗೆ ಕಾಯೋದು. ಮಿಲಿಲೀಟರಿಗೆ 5 ನ್ಯಾನೋಗ್ರಾಂ ಒಳಗಿದ್ದರೆ ಆವತ್ತು ಮನೆಯಲ್ಲಿ ಎಲ್ಲರಿಗೂ ಹಸಿವಾಗುತ್ತೆ :)

ಈ ಸಿಇಎಯನ್ನ 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕಂಡುಹಿಡಿದರು. ಹೊಟ್ಟೆಯೊಳಗಿನ ಭ್ರೂಣದ ಕರುಳಲ್ಲಿ ಹೇರಳವಾಗಿರುವ ಪ್ರೋಟೀನು, ಹುಟ್ಟೋ ಹೊತ್ತಿಗೆ ತೀರಾ ಕಡಿಮೆಯಾಗುತ್ತೆ. ಕರುಳಿನ ಕ್ಯಾನ್ಸರ್‌ನಲ್ಲಿ ಮತ್ತೆ ಹೆಚ್ಚುತ್ತೆ. ಹಾಗಂತ ಎಲ್ಲರಿಗೂ ಈ ಟೆಸ್ಟ್ ಮಾಡಿಸಿ ಕ್ಯಾನ್ಸರ್ ಹಿಡಿಯೋಕಾಗಲ್ಲ. ಲಿವರ್ ಕಾಯಿಲೆ ಇದ್ದವರಲ್ಲೂ ಏರುತ್ತೆ, ಬೀಡಿ ಸಿಗರೇಟು ಸೇದೋರಲ್ಲೂ ಸ್ವಲ್ಪ ಜಾಸ್ತಿ. ಕ್ಯಾನ್ಸರ್ ಶುರುವಿನಲ್ಲಿದ್ದಾಗ ಎಷ್ಟೋ ಜನರಲ್ಲಿ ಏರೋದೇ ಇಲ್ಲ. ಅದರ ನಿಜವಾದ ಉಪಯೋಗ ಆಮೇಲೆ. ಆಪರೇಷನ್ ಆಗಿ ಕೆಲವು ವಾರಗಳಲ್ಲಿ ಇಳಿಯದಿದ್ದರೆ ಎಲ್ಲೋ ಉಳಿದಿದೆಯೇನೋ ಅಂತ ಅನುಮಾನ. ಇಳಿದದ್ದು ಮತ್ತೆ ಹತ್ತತೊಡಗಿದರೆ ಸ್ಕ್ಯಾನ್. ಮಾವನಿಗೆ ಮೊದಲು 11.2 ಇತ್ತು, ಆರು ವಾರಕ್ಕೆ 2.1 ಆಯ್ತು.

ಆದರೆ ನೋಡೋಕೆ ಬಂದ ನೆಂಟರಿಗೆ ಇದೆಲ್ಲ ಬೇಡ. "ಗಡ್ಡೆ ಎಷ್ಟು ದಪ್ಪ ಇತ್ತು?" ಒಬ್ಬರು ನಿಂಬೆಹಣ್ಣಿನಷ್ಟಾ ಅಂತ ಕೈಯಲ್ಲಿ ತೋರಿಸಿದರೆ ಇನ್ನೊಬ್ಬರು ಮೂಸಂಬಿಗೆ ಹೋಗ್ತಾರೆ. ರಿಪೋರ್ಟಿನಲ್ಲಿ ನಾಲ್ಕೂವರೆ ಸೆಂಟಿಮೀಟರ್ ಅಂತಿತ್ತು, ನಿಜ. ಸ್ತನದ ಕ್ಯಾನ್ಸರ್‌ನಲ್ಲಾದರೆ ಹಂತ ಹೇಳೋಕೆ ಈ ಅಳತೆ ಬೇಕು. ಗುದನಾಳದಲ್ಲಿ 'ಟಿ' ಅನ್ನೋದು ಅಗಲದ ಲೆಕ್ಕವಲ್ಲ, ಆಳದ್ದು. ಕರುಳಿನ ಗೋಡೆಯ ಸ್ನಾಯುವಿನೊಳಗೇ ನಿಂತಿದ್ದರೆ ಟಿ2, ಅದನ್ನ ದಾಟಿ ಹೊರಗಿನ ಕೊಬ್ಬಿಗೆ ಇಳಿದಿದ್ದರೆ ಟಿ3. ಕರುಳಿನೊಳಕ್ಕೆ ಹೂಕೋಸಿನ ಹಾಗೆ ಬೆಳೆದ ದೊಡ್ಡ ಗಡ್ಡೆ ಗೋಡೆ ದಾಟದೇ ಇರಬಹುದು, ಪುಟ್ಟದೊಂದು ಹುಣ್ಣು ಸೀದಾ ಕೊರೆದುಕೊಂಡು ಹೋಗಿರಬಹುದು. ಲಂಡನ್ನಿನ ಕತ್‌ಬರ್ಟ್ ಡ್ಯೂಕ್ಸ್ 1932ರಲ್ಲೇ ಗುದನಾಳದ ಕ್ಯಾನ್ಸರನ್ನ ಹೀಗೆ ಆಳ ಮತ್ತು ದುಗ್ಧಗ್ರಂಥಿ ನೋಡಿ ವಿಂಗಡಿಸಿದ್ದರು. ದೊಡ್ಡ ಗಡ್ಡೆಗೆ ಏನೂ ಅರ್ಥವಿಲ್ಲ ಅಂತಲ್ಲ, ಇಕ್ಕಟ್ಟಾದ ಸೊಂಟದ ಮೂಳೆಗಳ ನಡುವಿಂದ ಅದನ್ನ ಪೂರ್ತಿ ತೆಗೆಯೋದು ಸರ್ಜನ್‌ಗೆ ಕಷ್ಟ. ಆದರೂ ನನ್ನ ನಿದ್ದೆ ಕೆಡಿಸಿದ್ದು ಆ ನಾಲ್ಕೂವರೆ ಅಲ್ಲ, ಅದರ ಕೆಳಗಿನ ಸಾಲು. ಪರೀಕ್ಷಿಸಿದ 14 ಗ್ರಂಥಿಗಳಲ್ಲಿ ಎರಡರಲ್ಲಿ ಕ್ಯಾನ್ಸರ್. ಅಂದರೆ ಮೂರನೇ ಹಂತ. ನೆಂಟರು ಯಾರೂ ಗ್ರಂಥಿ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕಳೆದ ಸಲ 2.4 ಇತ್ತು. ಈ ಸಲ 3.9. ಐದರೊಳಗೇ ಇದೆ, ಮಾವ ಖುಷಿಯಾಗಿ ಹೋಳಿಗೆ ಮಾಡಿಸಿದರು. ನನಗೆ ಮಾತ್ರ ಎರಡನೇ ಹೋಳಿಗೆ ಇಳೀಲಿಲ್ಲ. ಡಾಕ್ಟರು ಒಂದು ಸಲದ ಏರಿಕೆಯಿಂದ ಏನೂ ಹೇಳೋಕಾಗಲ್ಲ, ಮುಂದಿನ ತಿಂಗಳು ಅದೇ ಲ್ಯಾಬಿನಲ್ಲೇ ಮಾಡಿಸಿ ಅಂದರು. ಲ್ಯಾಬ್ ಬದಲಾದರೆ ಸಂಖ್ಯೆಯೂ ಬದಲಾಗಬಹುದಂತೆ. ಆಮೇಲೆ ಕನ್ನಡಕ ತೆಗೆದು, "ಬೀಡಿ ಮತ್ತೆ ಶುರು ಮಾಡಿದ್ದೀರಾ ಯಜಮಾನ್ರೇ?" ಅಂತ ಕೇಳಿದರು.

ಮಾವ ಫ್ಯಾನ್ ನೋಡತೊಡಗಿದರು. ಅವರು ಕದ್ದು ಬೀಡಿ ಸೇದಿರಲಿ ದೇವರೇ ಅಂತ ನಾನು ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.